ಜಗಲಿ ಮ್ಯಾಲಿನ ಹಾಳಿ

ನಮ್ಮ ಮೊಮ್ಮಗಳು ನಾಕನೇ ಇಯತ್ತೆಗೆ ಹೋದಳು. ಸುದ್ದಿ ಇಷ್ಟ. ಇದನ್ನ ಓಣಿ ಮಂದಿಗೆಲ್ಲಾ ಹೇಳಿ ಮುಗಿಸಿದೆ, ಹಿಟ್ಟಿನ ಗಿರಣಿಯವಗ ಹೇಳಿದೆ, ಶಿಗ್ಗಾಂವದ ಸಂತ್ಯಾಗ ಉಳ್ಳಾಗಡ್ಡಿ ಮಾರೂ ಹೆಣಮಗಳಿಗೆ ಹೇಳಿದೆ. ಆಕಿ, "ನಾಕನೇತ್ತೆಗೆ ಎಲ್ಲಾರ ಮಕ್ಕಳೂ ಹೋಗತಾವ ಬೇ ಯವ್ವಾ, ಅದರಾಗೇನೈತಿ?" ಅಂದು ತಕ್ಕಡಿ ಎತ್ತಿದಳು. ಹಾನಗಲ್ಲಿಗೆ ಹೋಗೂ ಬಸ್ಸಿನ್ಯಾಗ ಕಂಡಕ್ಟರಗೂ ಹೇಳಿದೆ. "ಹಂಗಾರ ಪೇಡೆ ಎಲ್ಲಿ ಆಯಿ?" ಅಂದ. ಪೇಡೆ ಇರಲಿಲ್ಲ, ಚೀಲದಾಗ ಎರಡು ಶೇಂಗಾ ಉಂಡಿ ಇದ್ದವು, ಅವನ್ನ ಕೊಟ್ಟೆ. ಹಿಂದಿನ ಸೀಟಿನವರು ನಕ್ಕರು. ನಗಲಿ. ಐದು ವರ್ಷ ಆದ ಮ್ಯಾಲೆ ನನ್ನ ಎದಿಯಾಗ ಇಷ್ಟು ಸಂತೋಷ ತುಂಬೇತಿ, ಯಾರ ಮುಂದರ ಸುರುವಲಿಲ್ಲಂದ್ರ ಒಡೆದು ಹೋಗತೇನಿ.

ಎಲ್ಲಾರ ಮಕ್ಕಳೂ ನಾಕನೇತ್ತೆಗೆ ಹೋಗತಾವು ಖರೆ. ನಮ್ಮದು ಹೋದ ದಾರಿ ಬ್ಯಾರೆ. ಅದನ್ನ ಬರೀಬೇಕು ಅನಿಸಿ ಕುಂತೇನಿ. ನಾನು ಕಲಿತದ್ದು ಮೂರನೇ ಇಯತ್ತೆ ತನಕ, ಅದೂ ಹಳೇ ಕಾಲದ್ದು. ಬರದ ಹಾಳಿ ಮೊಮ್ಮಗಳ ಕೈಗೆ ಕೊಡತೇನಿ, ಆಕಿ ಒತ್ತಕ್ಷರ ತಿದ್ದತಾಳ, ತಿದ್ದುವಾಗ "ಆಯಿ, ನೀ ಮೂರನೇತ್ತೆ ಪಾಸ್ ಆಗಿದ್ದು ಹೆಂಗ?" ಅಂತ ಕೇಳತಾಳ. ನಮ್ಮ ಕಡೆ ಅಜ್ಜಿಗೆ ಆಯಿ ಅಂತಾರ.

ನನಗ ಒಬ್ಬಾಕೀ ಮಗಳು ಇದ್ದಳು. ಹಿರೇಕೆರೂರ ಕಡೆ ಕೊಟ್ಟಿದ್ವಿ. ಅಳಿಯ ಏಳನೇ ಇಯತ್ತೆ ಕಲಿತಾವ, ಟ್ರ್ಯಾಕ್ಟರ್ ಓಡಸತಾನ, ಮಾತು ಒರಟು, ಆದ್ರ ಕೆಟ್ಟಾವಲ್ಲ. ಮೊದಲನೇ ಕೂಸು ಈ ಮೊಮ್ಮಗಳು. ಎರಡನೇದಕ್ಕ ಮಗಳು ಬಾಣಂತನಕ್ಕಂತ ತವರಿಗೆ ಬಂದಳು, ಹಿರೇಬೆಂಡಿಗೇರಿ ಹತ್ತರ ನಮ್ಮ ಹಳ್ಳಿಗೆ. ಮೊಮ್ಮಗಳು ಆವಾಗ ಅಂಗನವಾಡಿಗೆ ಹೋಗೂವಷ್ಟು ಸಣ್ಣಾಕಿ. ಹೆರಿಗಿ ದೊಡ್ಡ ದವಾಖಾನಿಯೊಳಗ ಆತು. ಗಂಡು ಕೂಸು. ಒಂದು ಹಗಲು, ಒಂದು ರಾತ್ರಿ ಇತ್ತು, ಹೋತು. ನಾಕನೇ ದಿನ ಮಗಳನ್ನ ಮನಿಗೆ ಕಳಿಸಿದರು. ಕಳಿಸುವಾಗ ನರ್ಸಬಾಯಿ ಒಂದು ಹಾಳಿ ಕೊಟ್ಟು, "ಮನ್ಯಾಗ ಎಲ್ಲಾರೂ ಓದ್ರಿ, ಕಣ್ಣಿಗೆ ಕಾಣೂ ಹಂಗ ಇಡ್ರಿ" ಅಂದಳು. ಅಳಿಯ ಅದನ್ನ ಇಸ್ಕೊಂಡು ನನ್ನ ಕೈಗೆ ಕೊಟ್ಟ.

ಕಾಗದ ಅಂದ್ರ ನಮಗ ಸರಸ್ವತಿ. ಕಾಲು ತಾಗಿದ್ರ ಕಣ್ಣಿಗೆ ಒತ್ತಿಕೋತೇವಿ. ರೇಷನ್ ಕಾರ್ಡು, ಹೊಲದ ಉತಾರ, ದವಾಖಾನಿ ಚೀಟಿ, ಇಂಥವೆಲ್ಲಾ ನಮ್ಮ ಮನ್ಯಾಗ ದೇವರ ಜಗಲಿ ಮ್ಯಾಲ, ದೇವರ ಬೆನ್ನಿಗೆ ಇರತಾವು. ಕಣ್ಣಿಗೆ ಕಾಣೂ ಹಂಗ ಇಡ್ರಿ ಅಂದಿದ್ದರಲ್ಲ, ಜಗಲಿಗಿಂತ ಕಣ್ಣಿಗೆ ಕಾಣೂ ಜಾಗಾ ಯಾವುದು? ನಾಕು ಮಡಿಕಿ ಮಾಡಿ, ಅರಿಷಿಣ ಕುಂಕುಮ ಹಚ್ಚಿ, ಅಲ್ಲಿಟ್ಟು ಕೈ ಮುಗಿದೆ. ನನ್ನ ಮಗಳನ್ನ ಕಾಯವ್ವಾ ಅಂತ ಬೇಡಿಕೊಂಡೆ.

ಮರುದಿನ ಮಗಳು ತಲಿ ಸಿಡೀತೈತಿ ಅಂದಳು. ಕೂಸು ಹೋಗೇತಿ, ಅತ್ತು ಅತ್ತು ತಲಿ ನೋಯದ ಏನಾಗತೈತಿ? ತಲಿಗೆ ಎಣ್ಣಿ ತಟ್ಟಿದೆ. ಕಣ್ಣು ಮಂಜ ಮಂಜ ಅಂತಾವ ಬೇ ಯವ್ವಾ ಅಂದಳು. ಹಗಲೂ ರಾತ್ರಿ ನೀರು ಸುರಿಸಿದ ಕಣ್ಣು ಮಂಜಾಗದ ಇರತಾವೇನ ಅಂದೆ. ಮಾರಿ ಬಾತಿತ್ತು. ಅತ್ತವರ ಮಾರಿ ಬಾಯೂದ. ಎಲ್ಲಾದಕ್ಕೂ ನನ್ನ ಹತ್ತರ ಉತ್ತರ ಇತ್ತು. ಅದರ ಮರುದಿನ ಮುಂಜಾನೆ ನಾನು ಚಾ ಕಾಸಾಕತ್ತಿದ್ದೆ, ಒಳಗ ಏನೋ ಬಿದ್ದ ಸಪ್ಪಳಾತು. ಹೋಗಿ ನೋಡಿದ್ರ ಕೈಕಾಲು ಸೆಟದಿದ್ದವು, ಹಲ್ಲು ಕಚ್ಚಿಕೊಂಡಿದ್ದಳು. ಗಾಡಿ ಬರೂದ್ರಾಗ ತಡ ಆತು. ಶಿಗ್ಗಾಂವ ದಾಟಿ ಹೈವೇ ಹತ್ತಿದ್ವಿ, ಅಷ್ಟ. ನನ್ನ ತೊಡಿ ಮ್ಯಾಲಿನ ತಲಿ ಭಾರ ಆತು. ಡ್ರೈವರಗ ಹೇಳಲಿಲ್ಲ. ಹೇಳಿದ್ರ ಗಾಡಿ ನಿಲ್ಲಸತಾನ ಅಂತ ಹೇಳಲಿಲ್ಲ.

ದೃಷ್ಟಿ ಆಗೇತಿ ಅಂದರು ಮಂದಿ. ಕೂಸು ತಾಯಿನ್ನ ಕರಕೊಂಡು ಹೋತು ಅಂದರು. ನಾನೂ ಹಂಗ ನಂಬಿದೆ. ನಂಬಿದ್ರ ನಿದ್ದಿ ಬರತಿತ್ತು.

ಅಳಿಯ ಮೊಮ್ಮಗಳನ್ನ ನಮ್ಮ ಹತ್ತರ ಬಿಟ್ಟ. ಒಂದು ವರ್ಷ ಬಿಟ್ಟು ಇನ್ನೊಂದು ಲಗ್ನ ಮಾಡಿಕೊಂಡ. ಮಾಡಿಕೊಳ್ಳಲಿ, ವಯಸ್ಸಿನಾವ. ಹುಡುಗಿ ನನ್ನ ಸೆರಗು ಹಿಡಕೊಂಡು ಬೆಳೀತು. ಮಾತು ಕಡಿಮಿ. ಅವ್ವ ಎಲ್ಲಿ ಅಂತ ಒಂದು ದಿನಾನೂ ಕೇಳಲಿಲ್ಲ. ಕೇಳಿದ್ರ ಚಲೋ ಇತ್ತು.

ಆಕಿಗೆ ಎಣಿಸೂದು ಕಲಿಸಿದಾಕಿ ನಾನು. ಸುಗ್ಗಿಯೊಳಗ ಭತ್ತ ಅಳಿಯುವಾಗ ಸೇರು ತುಂಬಿ ತುಂಬಿ ಚೀಲಕ್ಕ ಹಾಕತೇವಲ್ಲ, ಆವಾಗ ಮೊದಲನೇ ಸೇರಿಗೆ ನಾವು ಒಂದು ಅನ್ನೂದಿಲ್ಲ. ಒಂದು ಅಂದ್ರ ಒಂದಕ್ಕ ನಿಂತು ಬಿಡತೈತಿ ಅಂತ. "ಲಾಭ" ಅಂತೇವಿ. ಲಾಭ, ಎರಡು, ಮೂರು, ನಾಕು. ನಮ್ಮ ಅತ್ತಿ ಹಂಗ ಅಳೀತಿದ್ದಳು, ನಾನೂ ಹಂಗ. ಹುಡುಗಿ ಪಕ್ಕದಾಗ ಕುಂತು ಚೀಲದ ಬಾಯಿ ಹಿಡೀತಿತ್ತು, ನನ್ನ ಜೋಡಿ ಹೇಳತಿತ್ತು. ಒಂದನೇ ಇಯತ್ತೆಗೆ ಹಾಕಿದ ವಾರ, ಎದ್ದು ನಿಂತು ಎಣಿಸು ಅಂದಾರ. ಆಕಿ "ಲಾಭ, ಎರಡ, ಮೂರ" ಅಂದಾಳ. ವರ್ಗ ಎಲ್ಲಾ ಹೊಟ್ಟಿ ಹಿಡಕೊಂಡು ನಕ್ಕೇತಿ. ಅವತ್ತಿಂದ ಆಕಿಗೆ "ಲಾಭ" ಅಂತ ಹೆಸರು ಬಿತ್ತು. "ಏ ಲಾಭ, ಗೇಟ್ ಹಾಕ." "ಲಾಭ ಬಂತು, ನಷ್ಟ ಎಲ್ಲೈತಿ?" ಹುಡುಗಿ ಬಾಯಿ ಮುಚ್ಚಿತು. ಒಂದನೇತ್ತೆ, ಎರಡನೇತ್ತೆ, ಎರಡೂ ವರ್ಷ ಮುಚ್ಚಿದ ಬಾಯಿ ತಗೀಲಿಲ್ಲ. ಶಾಲಿಯವರು ಮುಂದ ದೂಡಿದರು, ಮೂರನೇತ್ತೆಗೆ ಬಂದಳು. ಅಕ್ಷರ ಗುರುತು ಹತ್ತವಲ್ಲವು. ಕೂಡಿಸೂದು ಬರವಲ್ದು.

ಹೋದ ದೀವಳಿಗಿಗೆ ಅಳಿಯ ಬಂದ. ಮಗಳಿಗೆ ಹೊಸ ಅರಬಿ, ಲಂಗಾ ಪೋಲಕಾ, ತಂದಿದ್ದ. ಉಂಡು, ಕೈ ತೊಳಕೊಂಡು, ಮಗಳ ಪುಸ್ತಕ ತಗದು ಒಂದು ಸಾಲು ತೋರಿಸಿ, "ಇದನ್ನ ಓದ" ಅಂದ. ಹುಡುಗಿ ನೆಲಾ ನೋಡಿತು.

"ಅತ್ತಿ, ನಾ ಸಿಟ್ಟಿಗೆದ್ದು ಹೇಳವಲ್ಲೆ," ಅಂದ. "ಮನ್ಯಾಗ ಆಕಿ ಬಸರಿ ಅದಾಳ. ನಮ್ಮವ್ವಗ ಕೈಲಾಗವಲ್ದು. ಇಲ್ಲಿ ಕುಂತು ಇದು ಏನ ಕಲಿಯಾಕತ್ತೇತಿ? ಅಲ್ಲಿ ಬಂದ್ರ ತೊಟ್ಟಲಾ ಆದ್ರೂ ತೂಗತೈತಿ."

"ಎಂಟು ವರ್ಷದ ಕೂಸು ತೊಟ್ಟಲಾ ತೂಗೂದೇನೋ ತಮ್ಮಾ?"

"ಓದೂ ಕೂಸು ಆಗಿದ್ರ ನಾ ಕೇಳತಿದ್ದಿಲ್ಲ."

ನಮ್ಮ ಯಜಮಾನರು ಮೂಲ್ಯಾಗ ಕುಂತು ಎಲಿ ಹಾಕ್ಕೊಳ್ಳಾಕತ್ತಿದ್ದರು. ಸುಣ್ಣಾ ಹಚ್ಚಿಕೋತ ಅಂದರು: "ಉಗಾದಿ ತನಕ ಬಿಡೋ. ಉಗಾದಿಗೆ ಬಾ. ಪುಸ್ತಕ ಕೊಡು. ಓದಲಿಲ್ಲಂದ್ರ ಕರಕೊಂಡು ಹೋಗ. ನಾವು ತಡಿಯೂದಿಲ್ಲ."

ನಾ ಅವರ ಮಾರಿ ನೋಡಿದೆ. ಕೊಟ್ಟ ಮಾತು ಕೊಟ್ಟಂಗ ಆತು. ಉಗಾದಿಗೆ ಓದಬೇಕು. ಓದಲಿಲ್ಲಂದ್ರ ಈ ಕೂಸೂ ಹೋತು.

ಅದ ತಿಂಗಳು ಶಾಲಿಗೆ ಕಲಿಸಾಕ ಹೊಸ ಅಕ್ಕೋರು ಬಂದರು. ಸವಣೂರಿಂದ ದಿನಾ ಬಸ್ಸಿನ್ಯಾಗ ಬರತಾರ, ವಯಸ್ಸು ಇನ್ನೂ ಸಣ್ಣದು. ಮೊದಲನೇ ದಿನಾನ ನಮ್ಮ ಯಜಮಾನರು "ಸವಣೂರಿನ ಎಲಿ ಎರಡ ತರ್ರಿ ಅಕ್ಕೋರ" ಅಂತ ಹಲ್ಲು ತಗದರು. ಅಕ್ಕೋರು ನಕ್ಕು ಮರುದಿನ ಖರೇನ ತಂದಿದ್ದರು. ನಾ ಅವರ ಹತ್ತರ ಹೋಗಿ ಉಗಾದಿ ಮಾತು ಹೇಳಿದೆ. ಹೇಳುವಾಗ ಅತ್ತೆ. ಅವರು ಹುಡುಗಿನ್ನ ಕರದು ಪಕ್ಕದಾಗ ಕುಂದರಿಸಿಕೊಂಡು ಎಣಿಸು ಅಂದರು. ಬಾಳ ಹೊತ್ತು ಆದ ಮ್ಯಾಲೆ ಹುಡುಗಿ ಸಣ್ಣಕ "ಲಾಭ" ಅಂತು. ಅಕ್ಕೋರು ನಗಲಿಲ್ಲ. "ಯಾಕ ಲಾಭ?" ಅಂತ ನನ್ನ ಕೇಳಿದರು. ಸೇರಿನ ಸುದ್ದಿ ಹೇಳಿದೆ.

ಎಂಟು ದಿನಕ್ಕ ನಾಕು ಹಾಳಿ ಮಾಡಿಕೊಂಡು ಬಂದರು. ಅವರ ಕೈಲೇ ಬರದದ್ದು, ಶಿಗ್ಗಾಂವದ ಝೆರಾಕ್ಸ್ ಅಂಗಡಿಯೊಳಗ ಪ್ಲಾಸ್ಟಿಕ್ ಹಾಕಿಸಿದ್ದು. ಒಂದೊಂದು ಪಾಠಕ್ಕ ಒಂದೊಂದು ಹಾಳಿ. ಒಂದರಾಗ ಕನ್ನಡ ಕಾಗುಣಿತ, ಒತ್ತಕ್ಷರ, ಒಂದೊಂದು ಒತ್ತಿಗೂ ನಮ್ಮ ಮನ್ಯಾಗಿನ ಒಂದೊಂದು ಮಾತು: ರೊಟ್ಟಿ, ಬೆಲ್ಲ, ಅಕ್ಕಿ. ಒಂದರಾಗ ಲೆಕ್ಕ: ಅಂಕಿ, ಮಗ್ಗಿ, ಕೂಡಿಸೂದು ಕಳಿಯೂದು ಹೆಂಗ ಅಂತ. ಒಂದರಾಗ ಪರಿಸರದ ಪಾಠ: ದೇಹದ ಭಾಗ, ದಿಕ್ಕು, ಮಳಿ ಬ್ಯಾಸಗಿ. ಒಂದರಾಗ ಇಂಗ್ಲಿಷ್ ಅಕ್ಷರ, ವಾರ, ತಿಂಗಳು. ಒಂದು ವರ್ಷದ ಪುಸ್ತಕ ಎಲ್ಲಾ ನಾಕು ಹಾಳ್ಯಾಗ ಬಂದಿತ್ತು. ಲೆಕ್ಕದ ಹಾಳ್ಯಾಗ ಮೊದಲನೇ ಅಂಕಿ ಮುಂದ "ಒಂದು" ಅಂತ ಬರದು, ಕೆಳಗ ಸಣ್ಣ ಅಕ್ಷರದಾಗ "ಆಯಿ ಮನ್ಯಾಗ: ಲಾಭ" ಅಂತ ಬರದಿದ್ದರು. ಅದನ್ನ ನೋಡಿ ಹುಡುಗಿ ಹಾಳಿ ಮ್ಯಾಲ ಬೆರಳಿಟ್ಟು ಹಂಗ ನಿಂತಿತು.

"ಲೆಕ್ಕ ಮಾಡುವಾಗ, ಓದುವಾಗ ಇದನ್ನ ನೋಡಲಿ," ಅಂದರು ಅಕ್ಕೋರು.

"ನೋಡಿ ಬರದ್ರ ಕಾಪಿ ಹೊಡದಂಗ ಆಗೂದಿಲ್ಲೇನ್ರಿ ಅಕ್ಕೋರ?"

"ನೀವು ಸಾರು ಮಾಡುವಾಗ ಯಾವ ಡಬ್ಬಿಯೊಳಗ ಏನೈತಿ ಅಂತ ನೋಡಿ ತಗೋತೀರಿಲ್ಲ? ಅದೇನ ಕಾಪಿ? ಡಬ್ಬಿ ಹುಡುಕೂದ್ರಾಗ ಇದರ ಅರ್ಧ ಜೀವ ಹೋಗಾಕತ್ತೇತ್ರಿ. ಡಬ್ಬಿ ಮುಂದ ಇದ್ರ ಸಾರಿನ ಮ್ಯಾಲ ಮನಸ್ಸು ಇರತೈತಿ. ಬರಬರತ ಡಬ್ಬಿ ನೋಡೂದ ಬಿಡತಾಳ. ಮನ್ಯಾಗ ಕಣ್ಣಿಗೆ ಕಾಣೂ ಹಂಗ ಇಡ್ರಿ."

ಕಣ್ಣಿಗೆ ಕಾಣೂ ಹಂಗ ಇಡ್ರಿ. ಇದ ಮಾತು ಮದಲ ಯಾರೋ ಹೇಳಿದ್ದರು ಅಂತ ನನಗ ಹೊಳೀಲಿಲ್ಲ. ಮನಿಗೆ ತಂದೆ. ಇಷ್ಟು ಚಂದದ ಹಾಳಿ, ಅಕ್ಕೋರ ಸ್ವಂತ ಕೈಲೇ ಬರದದ್ದು, ಹುಡುಗಿ ಹಣೇಬಾರ ಬರದಿದ್ದು. ಅರಿಷಿಣ ಕುಂಕುಮ ಹಚ್ಚಿದೆ. ಜಗಲಿ ಮ್ಯಾಲ ಇಟ್ಟೆ.

ದಿನಾ ಮುಂಜಾನೆ ಹುಡುಗಿನ್ನ ಜಳಕಾ ಮಾಡಿಸಿ ಜಗಲಿ ಮುಂದ ನಿಲ್ಲಸತಿದ್ದೆ. "ಕೈ ಮುಗಿ. ವಿದ್ಯಾ ಕೊಡು ಅಂತ ಬೇಡಿಕೋ." ಕೈ ಮುಗೀತಿತ್ತು. ಒಂದ ಸಲ "ಆಯಿ, ಕೆಳಗ ತಗೀಲೇನ?" ಅಂತ ಕೇಳಿತು. "ಎಂಜಲಾ ಮುಸರಿ ಕೈಲೇ ಮುಟ್ಟಬಾರದು" ಅಂದೆ. ಮತ್ತ ಕೇಳಲಿಲ್ಲ. ಅಕ್ಕೋರು ಶಾಲ್ಯಾಗ "ಹಾಳಿ ದಿನಾ ನೋಡತೀಯಿಲ್ಲ?" ಅಂದ್ರ, "ಹೌದ್ರಿ ಅಕ್ಕೋರ, ದಿನಾ ನೋಡತೇನ್ರಿ" ಅಂತಿತ್ತಂತ. ಸುಳ್ಳಲ್ಲ. ದೇವರನ್ನ ನೋಡಿದಂಗ ನೋಡತಿತ್ತು. ಹಿಂಗ ಎರಡು ತಿಂಗಳು ಹೋದವು. ಇದ್ದದ್ದ ನಾಕು ನಾಕೂವರಿ ತಿಂಗಳು, ಅದರಾಗ ಎರಡು ನನ್ನ ಭಕ್ತಿಗೆ ಹೋದವು.

ಸಂಕ್ರಾಂತಿ ದಿನ ಅಕ್ಕೋರು ಕುಸರೆಳ್ಳು ಕೊಡಾಕಂತ ಮನಿಗೆ ಬಂದರು. ಕುಂತ್ರಿ ಅಂದೆ. ಕುಂದರೂಕಿಂತ ಮೊದಲ ಗ್ವಾಡಿ ಎಲ್ಲಾ ಕಣ್ಣಾಡಿಸಿ, "ಹಾಳಿ ಎಲ್ಲಿ ಹಚ್ಚೀರಿ?" ಅಂದರು. ನಾ ಹಿಗ್ಗಿಲೇ ಜಗಲಿ ತೋರಿಸಿದೆ. ಅಕ್ಕೋರ ಮಾರಿ ನೋಡಬೇಕಿತ್ತು. ನಗಬೇಕೋ ಬೈಯಬೇಕೋ ತಿಳೀಲಾರದಂಗ ನಿಂತರು.

"ಆಯಿ, ಇದನ್ನ ಪೂಜಾ ಮಾಡಾಕ ಕೊಟ್ಟಿಲ್ರಿ ನಾ."

ಕಾಲ ಮ್ಯಾಲ ನೀರು ಹಾಕ್ಕೊಂಡು ಬಂದು, ತಾವ ಕೈ ಚಾಚಿ ಹಾಳಿ ತಗದರು. ತಗಿಯುವಾಗ ಅವುಗಳ ಹಿಂದಿಂದ ಇನ್ನೊಂದು ಕಾಗದ ಜಾರಿ ಬಿತ್ತು, ನಾಕು ಮಡಿಕಿದ್ದು, ಅರಿಷಿಣಕ್ಕ ಹಳದಿ ಆಗಿದ್ದು. ಅಕ್ಕೋರು ಎತ್ತಿ ಬಿಚ್ಚಿದರು. ಓದಿದರು. ಓದಿ ನನ್ನ ಕಡೆ ನೋಡಿದರು.

"ಇದು ಯಾರದ್ರಿ?"

"ನನ್ನ ಮಗಳದ್ರಿ. ದವಾಖಾನ್ಯಾಗ ಕೊಟ್ಟಿದ್ರು. ಜ್ವಾಕಿ ಇಟ್ಟೇನಿ."

"ಯಾರರ ಓದಿದ್ರಿ ಏನ್ರಿ?"

"ಇಲ್ರಿ. ಯಾಕ? ಏನ ಬರದಾರ?"

ಅಕ್ಕೋರು ಅದನ್ನ ಹಂಗ ಮಡಚಿ ನನ್ನ ಕೈಯಾಗಿಟ್ಟು, "ಬಸ್ ಹೋಗತೈತ್ರಿ, ನಾ ಬರತೇನಿ" ಅಂದರು. ಚಾ ಕುಡೀಲಿಲ್ಲ. ಹೊಸ್ತಿಲಾ ದಾಟುವಾಗ ಕಣ್ಣು ಒರಸಿಕೊಂಡದ್ದು ಕಂಡಿತು.

ನಾಕೂ ಹಾಳಿ ಗ್ವಾಡಿಗೆ ಮೊಳಿ ಬಡದು ಹಚ್ಚಿದೆ, ಹುಡುಗಿ ಕಣ್ಣಿನ ಎತ್ತರಕ್ಕ. ಆಮ್ಯಾಲ ಆ ಹಳದಿ ಕಾಗದ ಬಿಚ್ಚಿಕೊಂಡು ಕುಂತೆ. ನನಗ ಓದಾಕ ಬರತಿದ್ದಿಲ್ಲ ಅಂತಲ್ಲ. ಇದನ್ನ ಬರೀಲಿಲ್ಲಂದ್ರ ಉಳಿದದ್ದೆಲ್ಲಾ ಸುಳ್ಳಾಗತೈತಿ. ಕೂಡಿಸಿ ಕೂಡಿಸಿ ಓದಾಕ ಬರತಿತ್ತು. ಬಸ್ಸಿನ ಬೋರ್ಡು ಓದತಿದ್ದೆ. ಒತ್ತಕ್ಷರ ಮರತಿದ್ದವು, ಅಷ್ಟ. ಓದಬಹುದಿತ್ತು, ಓದಲಿಲ್ಲ. ದವಾಖಾನಿ ಕಾಗದ ಇಟ್ಟುಕೊಳ್ಳಾಕ, ಮತ್ತ ಹೋದಾಗ ತೋರಿಸಾಕ ಅಂತ ತಿಳಿದಿದ್ದೆ.

ಮ್ಯಾಲಿನ ಸಾಲಿನ್ಯಾಗ "ಬಾಣಂತಿ" ಅನ್ನೂದು ತಿಳೀತು. ಒಂದನೇದ್ದು "ತೀ" ಅಂತ ಸುರು ಆಗಿತ್ತು, ಮುಂದ ವ ಕೆಳಗ ಏನೋ ಒತ್ತು. ಎದ್ದು ಗ್ವಾಡಿ ಹತ್ತರ ಹೋದೆ. ಮೊಮ್ಮಗಳ ಹಾಳ್ಯಾಗ ಬೆರಳಿಟ್ಟು ಹುಡುಕಿದೆ. ಅದು ರ ಒತ್ತು. ಚಕ್ರದಾಗಿಂದು. ತೀವ್ರ. ತೀವ್ರ ತಲೆನೋವು.

ಮತ್ತ ಕುಂತೆ. ಎರಡನೇ ಸಾಲಿಗೆ ಬಂದಾಗ ಹೊರಗ ಆಡಾಕ ಹೋಗಿದ್ದ ಹುಡುಗಿ ಬಂದು ಬೆನ್ನ ಹಿಂದ ನಿಂತಿದ್ದು ನನಗ ಗೊತ್ತಾಗಲಿಲ್ಲ. ಅಕ್ಕೋರು ಎರಡು ತಿಂಗಳು ಶಾಲ್ಯಾಗ ತಿದ್ದಿಸಿದ್ದ ಅಕ್ಷರ ಗ್ವಾಡಿಯೊಳಗ ಒಮ್ಮೆ ನೋಡಿ, ಕಾಗದದಾಗ ಒಮ್ಮೆ ನೋಡಿ, ಆಕೀನ ಓದಿದಳು: "ಕ, ಣ್ಣು. ಕಣ್ಣು. ಮಂ, ಜಾ, ಗು. ಕಣ್ಣು ಮಂಜಾಗು, ವುದು."

ನನ್ನ ಮೊಮ್ಮಗಳು ಜನ್ಮದಾಗ ಮೊದಲನೇ ಸಲ ಓದಿದ ಸಾಲು ಅದು.

ನಾ ಕಾಗದ ಕಸಿದುಕೊಳ್ಳಬೇಕಿತ್ತು. ಕೈ ಬರಲಿಲ್ಲ. ಆಕಿಗೆ ಓದು ಹತ್ತಿಬಿಟ್ಟಿತ್ತು, ಬಿಡಲಿಲ್ಲ. ಮುಖ ಕೈ ಊದಿಕೊಳ್ಳುವುದು ಅಂತ ಓದಿದಳು. ಫಿಟ್ಸ್ ಅನ್ನೂದಕ್ಕ ಮತ್ತ ಗ್ವಾಡಿ ತನಕ ಹೋಗಿ ಬಂದಳು. ಕಡೀಕೆ ಕೆಳಗಿನ ದೊಡ್ಡ ಅಕ್ಷರ: "ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಬನ್ನಿ." ಒಂದು. ಎರಡು ವರ್ಷ ಶಾಲ್ಯಾಗ ಆಕಿ ಬಾಯಿಂದ ಬಾರದ ಆ ಮಾತು ಅಲ್ಲಿ ಸರಳ ಬಂತು. ನನ್ನ ಮಗಳಿಗೆ ಒಂದಲ್ಲ, ಎಲ್ಲಾ ಕಂಡಿದ್ದವು.

"ಆಯಿ, ಇದು ಅವ್ವನ ಹಾಳಿಯೇನ?"

"ಹೂಂ."

"ಅವ್ವಗ ಹಿಂಗ ಆಗಿತ್ತೇನ?"

ಹುಡುಗಿ ಬಾಳ ಹೊತ್ತು ಕಾಗದ ನೋಡಿ, ಜಗಲಿ ನೋಡಿತು. ಎಂಟು ವರ್ಷದ ಕೂಸಿಗೆ ತಿಳೀತು. ನಾ ಮಾಡಿದ ಇನ್ನೊಂದು ಪಾಪ ಇಲ್ಲೇ ಬರೀತೇನಿ: "ಯಾರಿಗೂ ಹೇಳಬ್ಯಾಡ ನನ್ನ ಬಂಗಾರ, ನಿಮ್ಮಪ್ಪಗಂತೂ ಹೇಳಬ್ಯಾಡ" ಅಂದೆ. ಅಳಿಯಗ ಗೊತ್ತಾದ್ರ, ಹೆಂಡತಿನ್ನ ಕಳಕೊಂಡದ್ದು ಯಾಕ ಅಂತ ತಿಳಿದ್ರ, ಮಗಳನ್ನ ಒಂದು ಗಳಿಗಿ ನನ್ನ ಹತ್ತರ ಬಿಡತಾನೇನು? ಯಜಮಾನರಿಗೂ ಹೇಳಲಿಲ್ಲ. ಕಾಗದ ನನ್ನ ಟ್ರಂಕಿನ ತಳಕ್ಕ ಹೋತು.

ಅಲ್ಲಿಂದ ಉಗಾದಿ ತನಕ ನಮ್ಮ ಮನಿ ಶಾಲಿ ಆತು. ಹುಡುಗಿ ರೊಟ್ಟಿ ತಿನ್ನಕೋತ ಗ್ವಾಡಿ ನೋಡತಿತ್ತು, ಜಡಿ ಹಾಕಿಸಿಕೊಳ್ಳುವಾಗ ಗ್ವಾಡಿ ನೋಡತಿತ್ತು. ಕತ್ತು ತಿರುವಿ ತಿರುವಿ ಜಡಿ ಸೊಟ್ಟ ಆಗತಿದ್ದವು. ಯಜಮಾನರು, "ಮನಿ ಗ್ವಾಡಿ ಕಿರಾಣಿ ಅಂಗಡಿ ಆತು, ಇನ್ನ ರೇಟ್ ಒಂದ ಬರದು ಹಚ್ಚರಿ" ಅಂತಿದ್ದರು. ಆದ್ರ ಅವರೂ ಹಾನಗಲ್ಲಿಗೆ ಭತ್ತದ ಪೇಟಿಗೆ ಹೋಗಿ ಬಂದ ದಿನ ಚೀಟಿ ತಂದು "ಇದನ್ನ ಓದ ನೋಡೂಣು ಲಾಭವ್ವಾ" ಅಂತ ಕೊಡತಿದ್ದರು. ಶಾಲ್ಯಾಗ ಹುಡುಗರು ಅಂದಾಗ ಚುಚ್ಚಿದ ಹೆಸರು ಅಜ್ಜನ ಬಾಯಾಗ ಚುಚ್ಚಲಿಲ್ಲ. ಓದತಿತ್ತು. ತಪ್ಪತಿತ್ತು, ಗ್ವಾಡಿಗೆ ಹೋಗಿ ಬಂದು ಮತ್ತ ಓದತಿತ್ತು. ಗ್ವಾಡಿಗೆ ಹೋಗೂದು ದಿನಾ ಒಂದೆರಡು ಹೆಜ್ಜಿ ಕಡಿಮಿ ಆಗಾಕತ್ತಿತು. ನಾ ನೋಡತಿದ್ದೆ, ಹಿಗ್ಗತಿದ್ದೆ. ಹಿಗ್ಗಿದ ಹಿಂದ ಟ್ರಂಕಿನ ಕಡೆ ಕಣ್ಣು ಹೋಗತಿತ್ತು.

ಉಗಾದಿ ದಿನ ಅಳಿಯ ಬಂದ. ಬೇವು ಬೆಲ್ಲ ತಗೊಂಡ, ಹೋಳಿಗಿ ಉಂಡ. ಪುಸ್ತಕ ತಾ ಅಂದ. ಹುಡುಗಿ ಒಂದು ಪಾಠ ಓದಿದಳು. ನಿಧಾನ, ಆದ್ರ ಓದಿದಳು. ನಾ ಯಜಮಾನರ ಕಡೆ ನೋಡಿದೆ, ಅವರು ಮೀಸಿ ತಿರುವಿದರು.

"ಲೆಕ್ಕ?" ಅಂದ ಅಳಿಯ. "ಹದಿನೇಳರಾಗ ಒಂಬತ್ತು ಹೋದ್ರ?"

ಹುಡುಗಿ ತಿರುಗಿ ಗ್ವಾಡಿ ನೋಡಿತು. ಅಳಿಯ ನಕ್ಕ.

"ಇದಾ ಕಲಿತದ್ದು? ಗ್ವಾಡಿ ನೋಡಿ ಹೇಳೂದು? ಪರೀಕ್ಷಾಕ್ಕ ಗ್ವಾಡಿ ಹೊತ್ತುಕೊಂಡು ಹೋಗತೈತೇನ್ರಿ ಅತ್ತಿ?"

"ಎಂಟು," ಅಂತು ಹುಡುಗಿ.

"ಗ್ವಾಡಿ ಹೇಳೇತಿ ಅದು. ನೀ ಹೇಳಿಲ್ಲ." ಮತ್ತ ನನ್ನ ಕಡೆ ತಿರುಗಿ, ಧ್ವನಿ ಇಳಿಸಿ ಅಂದ: "ಅತ್ತಿ, ಓದಾಕ ಬಂತು, ನನಗೂ ಖುಷಿ ಆತು. ಆದ್ರ ಮನ್ಯಾಗ ಆಕಿಗೆ ಮುಂದಿನ ತಿಂಗಳು ದಿನಾ ತುಂಬತಾವು. ನಾ ಹೊರಗ, ಅವ್ವ ಹಾಸಿಗಿ ಹಿಡದಾಳ. ಒಂದೆರಡು ವರ್ಷ ಶಾಲಿ ಬಿಟ್ರ ಏನ ಆಗೂದಿಲ್ಲ. ಅರಬಿ ತುಂಬ್ರಿ."

ಮಾತು ಹಂಗಿರಲಿಲ್ಲಲ್ಲ ಅಂತ ಯಜಮಾನರು ಎದ್ದರು. ನಾ ಎದ್ದು ಒಳಗ ಹೋಗಿ ಅರಬಿ ತುಂಬಿದೆ. ತುಂಬದ ಏನು ಮಾಡಲಿ, ಅವನ ಮಗಳು. ಚೀಲ ತಂದು ಅವನ ಮುಂದ ಇಟ್ಟೆ, ಅವ ಹೆಗಲಿಗೆ ಹಾಕ್ಕೊಂಡ. ಆವಾಗ ಹುಡುಗಿ ತನ್ನ ಪಾಟಿಚೀಲದಾಗಿಂದ ಒಂದು ಹಾಳಿ ತಗದು ಅಪ್ಪನ ಮುಂದ ಹಿಡೀತು.

"ಇದು ಚಿಗವ್ವಗ."

ಚಿತ್ರದ ಹಾಳಿ, ಅಪ್ಪನ ಹೊಸ ಹೆಂಡತಿ ಸಲುವಾಗಿ ಮಾಡಿದ್ದು. ಒಂದು ತಲಿ, ಅದರ ಸುತ್ತ ಕೆಂಪು ಗೆರಿ. ಒಂದು ಕಣ್ಣು, ಅದರ ಮ್ಯಾಲ ಪೆನ್ಸಿಲಿನಿಂದ ತಿಕ್ಕಿದ ಮಂಜು. ಬದನಿಕಾಯಿಯಂಗ ಬಾತ ಕೈ. ಒಂದೊಂದರ ಮುಂದ ಅಂಕಿ, ಅಂಕಿ ಮುಂದ ತನ್ನ ಮಾತಿನ್ಯಾಗ ಬರದಿದ್ದಳು: ತಲಿ ಬಾಳ ನೋಯೂದು. ಕಣ್ಣು ಮಂಜ ಆಗೂದು. ಮಾರಿ ಕೈ ಬಾಯೂದು. ಕೆಳಗ ದೊಡ್ಡ ಅಕ್ಷರದಾಗ: ಒಂದು ಕಂಡ್ರೂ ದವಾಖಾನಿಗೆ ಹೋಗ್ರಿ. ಅಳಬ್ಯಾಡ್ರಿ, ಹೋಗ್ರಿ.

ಅಕ್ಕೋರು ಆಕಿಗೆ ಮಾಡಿ ಕೊಟ್ಟಂಗ ಆಕಿ ಒಂದು ಹಾಳಿ ಮಾಡಿದ್ದಳು. ನನಗ ಹೇಳಿರಲಿಲ್ಲ. ಟ್ರಂಕ್ ಯಾವಾಗ ತಗದಳೋ, ಯಾವಾಗ ಬರದಳೋ.

ಅಳಿಯ ಓದಿದ. ಮತ್ತೊಮ್ಮೆ ಓದಿದ. "ಇದನ್ನ ಎಲ್ಲಿ ನೋಡಿ ಬರದಿ?"

ಹುಡುಗಿ ನನ್ನ ಮಾರಿ ನೋಡಿತು. ಯಾರಿಗೂ ಹೇಳಬ್ಯಾಡ ಅಂದಿದ್ದೆನಲ್ಲ, ಅದಕ್ಕ ಬಾಯಿ ಮುಚ್ಚಿಕೊಂಡು ನಿಂತಿತು. ಮತ್ತ ಮೊದಲಿನಂಗ ಬಾಯಿ ಮುಚ್ಚಿತು. ಅದನ್ನ ನೋಡಾಕ ನನ್ನ ಕೈಲಾಗಲಿಲ್ಲ. ಹೇಳದಿದ್ರ ಹುಡುಗಿ ಹೋಗೂದು ಹೋಗತೈತಿ, ಹೇಳಿದ್ರ ಮತ್ತ ಈ ಹೊಸ್ತಿಲಾ ಹತ್ತೂದ ಇಲ್ಲ. ಟ್ರಂಕ್ ತಗದು ಹಳದಿ ಕಾಗದ ತಂದು ಅಳಿಯನ ಕೈಯಾಗ ಕೊಟ್ಟೆ.

"ಇದರಾಗ ಎಲ್ಲಾ ಬರದಿತ್ತೋ ತಮ್ಮಾ. ನಾ ಓದಲಿಲ್ಲ. ಪೂಜಾ ಮಾಡಿದೆ. ನಿನ್ನ ಹೆಂಡತಿನ್ನ ದೃಷ್ಟಿ ಒಯ್ಯಲಿಲ್ಲ."

ಯಜಮಾನರು ಗ್ವಾಡಿ ಹಿಡಕೊಂಡು ಹಂಗ ಕೆಳಗ ಕುಂತರು. ಅಳಿಯ ಕಾಗದ ಬಿಚ್ಚಿ ನಿಂತ. ಬೈತಾನ ಅಂತ ಕಾದೆ. ಬೈದಿದ್ರ ಚಲೋ ಇತ್ತು. ಹೋಳಿಗಿ ತಾಟಿನ ಮ್ಯಾಲ ನೊಣ ಕುಂತಿದ್ದವು, ಯಾರೂ ಹೊಡೀಲಿಲ್ಲ.

"ಈ ಕಾಗದ ಮೊದಲ ನನ್ನ ಕೈಯಾಗ ಕೊಟ್ಟಿದ್ರು, ಅತ್ತಿ," ಅಂದ ಕಡೀಕೆ. "ನರ್ಸಬಾಯಿ ನನಗ ಕೊಟ್ಟಿದ್ದಳು. ನಾ ಏಳನೇತ್ತೆ ಕಲಿತಾವ. ನಿಮ್ಮ ಕೈಯಾಗ ತುರುಕಿ ಗಾಡಿ ನೋಡಾಕ ಹೋದೆ. ಎರಡು ನಿಮಿಷದ ಓದು ಇದು."

ಅಷ್ಟ ಅಂದ. ಅವ ಅಳಲಿಲ್ಲ, ನಾ ಅಳಲಿಲ್ಲ. ಹುಡುಗಿ ಮಾತ್ರ ನಮ್ಮಿಬ್ಬರನ್ನೂ ನೋಡಕೋತ ನಿಂತಿತ್ತು. ಯಾರು ಯಾರಿಗೆ ಬೈಯಬೇಕು ಅಂತ ಆಕಿಗೂ ತಿಳಿದಂಗ ಕಾಣಲಿಲ್ಲ.

ಅಳಿಯ ಹೊಸ ಹಾಳಿ ಮಡಚಿ ಅಂಗಿ ಕಿಸೆಕ್ಕ ಹಾಕಾಕ ಹೋದ.

"ಮಡಚಬ್ಯಾಡಪ್ಪಾ," ಅಂತು ಹುಡುಗಿ. "ಗ್ವಾಡಿಗೆ ಹಚ್ಚ. ಜಗಲಿ ಮ್ಯಾಲ ಇಡಬ್ಯಾಡ."

ಅವ ಬಿಚ್ಚಿದ. ಸುರುಳಿ ಸುತ್ತಿ ಕೈಯಾಗ ಹಿಡಕೊಂಡ. ಹೆಗಲ ಮ್ಯಾಲಿನ ಅರಬಿ ಚೀಲ ತಗದು ಗ್ವಾಡಿ ಮೊಳಿಗೆ ತೂಗು ಹಾಕಿದ, ಮೊದಲು ಅದು ಇದ್ದ ಮೊಳಿಗೆ. "ನಮ್ಮ ಅತ್ತಿಗೆ, ಅಂದ್ರ ಆಕಿ ಅವ್ವಗ, ಬಾಣಂತನಕ್ಕ ಬಾ ಅಂತ ಹೇಳತೇನಿ. ಏನರ ಮಾಡತೇನಿ," ಅಂದ. ಯಾರಿಗೆ ಅಂದನೋ. ಬಸ್ ನಿಲ್ದಾಣಕ್ಕ ಹೋಗುವಾಗ ಆ ಸುರುಳಿ ಬಾಗಬಾರದಂತ ದೀಪಾ ಹಿಡದಂಗ ಹಿಡಕೊಂಡು ನಡದ. ನಾ ಓಣಿ ತಿರುವಿನ ತನಕ ನೋಡಿದೆ.

ಬ್ಯಾಸಗ್ಯಾಗ ಅವರಿಗೆ ಗಂಡು ಕೂಸಾತು. ತಾಯಿ ಕೂಸು ಅರಾಮದಾರ. ಚಿಗವ್ವ ಫೋನ್ ಮಾಡಿದಾಗ ಮೊಮ್ಮಗಳು ಕೇಳಿದ ಮೊದಲ ಮಾತು, "ಗ್ವಾಡಿಗೆ ಹಚ್ಚೀರೇನ್ರಿ?" ಅಂತ. ಹಚ್ಚಾರಂತ, ಒಲಿ ಹತ್ತರ, ಹೊಗಿ ಹತ್ತಿ ಕರ್ರಗ ಆಗೇತಂತ. "ಇನ್ನೊಂದು ಬರದು ಕಳಿಸ್ತೇನಿ, ಪ್ಲಾಸ್ಟಿಕ್ ಹಾಕಿಸಿ" ಅಂದಳು ನಮ್ಮಾಕಿ, ದೊಡ್ಡ ಅಕ್ಕೋರಂಗ.

ಜೂನಿನ್ಯಾಗ ಶಾಲಿ ಸುರು ಆತು. ನಾಕನೇತ್ತೆ. ಅಕ್ಕೋರು ಹೊಸಾ ನಾಕು ಹಾಳಿ ಕೊಟ್ಟಾರ. ಹಳೇವನ್ನ ತಗದು ಬಿಡೂಣು ಅಂದ್ರ ಹುಡುಗಿ ಒಪ್ಪಲಿಲ್ಲ. "ಅವು ನಿನಗ ಇರಲಿ ಆಯಿ" ಅಂತು. ಅದಕ್ಕ ಅಡಗಿ ಮನಿ ಗ್ವಾಡಿಗೆ ಹಚ್ಚಿಕೊಂಡೇನಿ. ಇದನ್ನ ಬರಿಯುವಾಗ ಹತ್ತು ಸಲ ಎದ್ದು ಹೋಗಿ ಒತ್ತು ನೋಡಿ ಬಂದೇನಿ, ಕಾಪಿ ಅನ್ನವರು ಅನ್ನಲಿ. ಮಗಳ ಹಳದಿ ಕಾಗದಾನೂ ಅಲ್ಲೇ, ಲೆಕ್ಕದ ಹಾಳಿ ಪಕ್ಕದಾಗ ಐತಿ. ಮನಿಗೆ ಬಂದ ಬಸರಿ ಹೆಣ್ಣಮಕ್ಕಳನ್ನ ಕೈ ಹಿಡದು ಅದರ ಮುಂದ ನಿಲ್ಲಸತೇನಿ. ಕೆಲವರಿಗೆ ಸಿಟ್ಟು ಬರತೈತಿ, ಅಪಶಕುನ ಅಂತಾರ. ಓದಿ ಮ್ಯಾಲೆ ಬೈಯವ್ವಾ ಅಂತೇನಿ.

ಜಗಲಿ ಮ್ಯಾಲ ಈಗ ದೇವರಷ್ಟ ಅದಾರ.